ಮೂಗು ತುಂಬಿಸಿಕೊಳ್ಳುತ್ತಿದ್ದ ಯಜಮಾನರು

ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು ಬಜೆ ತೇಯುತ್ತಾ ಕೂತಿದ್ದೆ. ಶಿಕಾರಿಪುರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವವರಿಗೆ ಕೂಸು ಹುಟ್ಟಿ ಇನ್ನೂ ತಿಂಗಳಾಗಿಲ್ಲ. ಕೂಸಿಗೆ ಹೊಟ್ಟೆ ಉಬ್ಬರ. ಈಗಿನ ಡಾಕ್ಟರುಗಳು ಬಜೆ ನೆಕ್ಕಿಸಬೇಡಿ ಅನ್ನುತ್ತಾರೆ. ನನ್ನ ಮೊಮ್ಮಗಳೂ ಅದನ್ನೇ ಹೇಳಿ ನನ್ನ ಮೇಲೆ ಒಂದು ಕಣ್ಣಿಟ್ಟಿರುತ್ತಾಳೆ. ಹಾಗಾಗಿ ಹೊಕ್ಕುಳ ಸುತ್ತ ಹಚ್ಚುವುದಕ್ಕೆ ಮಾತ್ರ. ನನ್ನ ಹತ್ತಿರ ಇರುವ ಬಜೆಯ ಕೊಂಬು ಬಹಳ ಹಳೆಯದು. ಹೆಬ್ಬೆರಳಿನಷ್ಟು ಇದ್ದದ್ದು ಸವೆದು ಸವೆದು ಹುಣಸೆ ಬೀಜದಷ್ಟಾಗಿದೆ. ಆದರೂ ನೀರು ತಾಗಿ ಕಲ್ಲಿಗೆ ಉಜ್ಜಿದ ಕೂಡಲೇ ಆ ವಾಸನೆ, ಖಾರವೂ ಅಲ್ಲದ ಸಿಹಿಯೂ ಅಲ್ಲದ ಆ ವಾಸನೆ, ಅಡುಗೆಮನೆ ತುಂಬಿತು.

ಅಷ್ಟರಲ್ಲಿ ನಡುಮನೆಯಿಂದ ಒಂದು ಕೂಗು.

"ಅಜ್ಜೀ! ಬಂತು! ಬಂತು ಅಜ್ಜೀ!"

ಹಾವೋ ಚೇಳೋ ಬಂತೆಂದು ನಾನು ಸೆರಗು ಕಟ್ಟಿ ಎದ್ದೆ. ನೋಡಿದರೆ ಮೊಮ್ಮಗಳು ಫೋನು ಹಿಡಿದುಕೊಂಡು ಒಂಟಿಕಾಲಲ್ಲಿ ಕುಣಿಯುತ್ತಾ ಬರುತ್ತಿದ್ದಾಳೆ. ಇಪ್ಪತ್ತೇಳು ವರ್ಷದ ಹುಡುಗಿ! ನಾಲ್ಕು ದಿನದ ರಜೆಗೆಂದು ಬಂದವಳು ಮೂರು ದಿನದಿಂದ ಅನ್ನ ಸರಿಯಾಗಿ ಉಣ್ಣದೆ ಫೋನು ನೋಡುತ್ತಾ ಕೂತಿದ್ದಳು. ಅವಳ ಪ್ರಯೋಗಶಾಲೆಯಲ್ಲಿ ಜೊತೆಗೆ ಕೆಲಸ ಮಾಡುವ ಹುಡುಗಿ ಏನೋ ಒಂದು ಚಿತ್ರ ಕಳಿಸಬೇಕಿತ್ತು. ಎರಡು ವರ್ಷದ ಕೆಲಸ ಆ ಒಂದು ಚಿತ್ರದ ಮೇಲೆ ನಿಂತಿತ್ತು. ಸರಿ ಬರದಿದ್ದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು ಎಂದು ಅವಳ ಅಮ್ಮನ ಹತ್ತಿರ ಪಿಸುಗುಟ್ಟಿದ್ದು ನನ್ನ ಕಿವಿಗೂ ಬಿದ್ದಿತ್ತು.

ಕನ್ನಡಕ ಏರಿಸಿ ನೋಡಿದೆ. ಬೂದಿ ಬಣ್ಣದ ಎರಡು ಪಟ್ಟಿ. ಎಡಗಡೆಯದರಲ್ಲಿ ಕಾಡಿಗೆಯಿಂದ ಎಳೆದಂತೆ ಒಂದು ಕಪ್ಪು ಗೆರೆ. ಬಲಗಡೆಯದರಲ್ಲಿ ಏನೂ ಇಲ್ಲ. ಬರೀ ಬೂದಿ.

"ಅಯ್ಯೋ, ಒಂದರಲ್ಲಿ ಬಂದೇ ಇಲ್ವಲ್ಲೇ ಪುಟ್ಟಿ..."

"ಬರಬಾರದು ಅಜ್ಜಿ! ಬರದೇ ಇದ್ದಿದ್ದಕ್ಕೇ ನಾನು ಕುಣೀತಿರೋದು!"

ಏನೂ ಬರಲಿಲ್ಲ ಎಂದು ಕುಣಿಯುವವರನ್ನು ನಾನು ನನ್ನ ಜನ್ಮದಲ್ಲಿ ಒಬ್ಬರನ್ನು ಮಾತ್ರ ಕಂಡಿದ್ದೆ. ಆದರೆ ಆ ಕ್ಷಣಕ್ಕೆ ಅದು ಹೊಳೆಯಲಿಲ್ಲ. ಅವಳು ನನ್ನನ್ನು ಎಳೆದು ಕೂರಿಸಿ, ಮೂರನೇ ಕ್ಲಾಸು ಓದಿದ ತಲೆಗೆ ಇಳಿಯುವ ಹಾಗೆ ಹೇಳತೊಡಗಿದಳು.

ಅವಳು ಮಾಡುತ್ತಿರುವುದು ಮಂಗನ ಕಾಯಿಲೆಯ ಕೆಲಸ. ನನ್ನ ತೌರು ಸೊರಬದ ಕಡೆ, ಕುಪ್ಪಗಡ್ಡೆ ಹತ್ತಿರ. ಆ ಕಾಯಿಲೆ ಅಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕಾಡಿನ ಉಣುಗು ಕಚ್ಚಿ ಜ್ವರ ಬಂದು ನನ್ನ ಚಿಕ್ಕಪ್ಪ ಒಂದೇ ವಾರದಲ್ಲಿ ಹೋಗಿದ್ದ. ಅದು ಯಾವ ಜ್ವರ ಎಂದು ಗೊತ್ತಾಗುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ಮೊಮ್ಮಗಳಿಗೆ ಆ ಕಥೆಯನ್ನು ಸಣ್ಣವಳಿದ್ದಾಗ ಹೇಳಿದ್ದು ನಾನೇ. ಆ ಕಾಯಿಲೆಯ ವೈರಸ್ಸು ರಕ್ತದಲ್ಲಿ ಇದ್ದರೆ ಹುಡುಕಿ ಹಿಡಿಯುವಂಥ ಆಂಟಿಬಾಡಿಯನ್ನು ಅವಳ ತಂಡದವರು ಸಿದ್ಧ ಮಾಡಿದ್ದಾರಂತೆ.

"ಅದಕ್ಕೆ ಎರಡು ಕೈ ಇದೆ ಅಂದ್ಕೋ ಅಜ್ಜಿ. ವೈರಸ್ಸಿನ ಮೈಮೇಲಿನ ಒಂದು ಪ್ರೋಟೀನನ್ನ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ. ಹಿಡ್ಕೊಂಡ ಕಡೆ ಕಪ್ಪು ಗೆರೆ. ಆದ್ರೆ ಅದು ಹಿಡಿದಿರೋದು ಅದನ್ನೇ ಹೌದೋ, ಅಥವಾ ಬೇರೆ ಯಾವುದನ್ನೋ ಹಿಡಿದು ನಮಗೆ ಸುಳ್ಳು ಹೇಳ್ತಿದೆಯೋ? ಅದು ಹೆಂಗೆ ಗೊತ್ತಾಗ್ಬೇಕು?"

"ಹೆಂಗೆ?"

"ಮೊದಲೇ ಅದರ ಕೈ ತುಂಬಿಸಿಬಿಡೋದು. ಅಪ್ಪಟ ಪ್ರೋಟೀನನ್ನ ಬೇಕಾದಷ್ಟು ಕೊಟ್ಟು, ಎರಡೂ ಕೈ ತುಂಬಿದ ಮೇಲೆ ಪಟ್ಟಿ ಮೇಲೆ ಬಿಡೋದು. ಕೈ ತುಂಬಿದೆಯಲ್ಲ, ಇನ್ನೇನೂ ಹಿಡಿಯೋಕಾಗಲ್ಲ. ಗೆರೆ ಮಾಯ. ಆಗಲೂ ಗೆರೆ ಉಳಿದಿದ್ರೆ, ಅದು ಬೇರೆ ಇನ್ನೇನನ್ನೋ ಹಿಡೀತಿತ್ತು ಅಂತ ಅರ್ಥ. ಎರಡು ವರ್ಷ ನೀರಲ್ಲಿ ಹೋಮ."

"ಅಪ್ಪಟದ್ದು ಎಲ್ಲಿಂದ ತರ್ತೀಯೇ? ವೈರಸ್ಸನ್ನ ಡಬ್ಬೀಲಿ ಇಟ್ಕೊಂಡಿದೀಯೇನೇ?" ನನಗೆ ಗಾಬರಿ.

ಅವಳು ನಕ್ಕಳು. ವೈರಸ್ಸೂ ಇಲ್ಲವಂತೆ, ಮಂಗವೂ ಇಲ್ಲವಂತೆ, ಉಣುಗೂ ಇಲ್ಲವಂತೆ. ಆ ಒಂದು ಪ್ರೋಟೀನನ್ನು ಹೇಗೆ ಕಟ್ಟಬೇಕು ಎನ್ನುವ ಜೀನನ್ನು ತೆಗೆದು, ಯಾರಿಗೂ ತೊಂದರೆ ಕೊಡದ ಒಂದು ಸಾಧು ಬ್ಯಾಕ್ಟೀರಿಯಾದ ಹೊಟ್ಟೆಗೆ ಹಾಕಿದರೆ, ಅದು ಕೂತು ಅದೊಂದನ್ನೇ ಮಾಡಿ ಮಾಡಿ ಕೊಡುತ್ತದಂತೆ. ಅದನ್ನು ಸೋಸಿ ತೊಳೆದು ಇಟ್ಟುಕೊಳ್ಳುವುದಂತೆ. ಅದಕ್ಕೆ ರಿಕಾಂಬಿನೆಂಟ್ ಪ್ರೋಟೀನ್ ಎಂದು ಹೆಸರು. ನನ್ನ ನಾಲಗೆ ಮೂರು ಸಲ ಪ್ರಯತ್ನಪಟ್ಟು ಸೋತಿತು. "ನಮ್ಮ ಕೈಯಲ್ಲೇ ಮಾಡಿದ್ದು ಅಜ್ಜಿ. ಅದರಲ್ಲಿ ಅದು ಬಿಟ್ಟು ಬೇರೇನೂ ಇಲ್ಲ ಅಂತ ಗೊತ್ತು. ಹೋದ ವಾರ ಡೆಂಗಿ ವೈರಸ್ಸಿನ ಪ್ರೋಟೀನು ಕೊಟ್ಟು ನೋಡಿದ್ವಿ, ಗೆರೆ ಜಪ್ಪಯ್ಯ ಅಂದ್ರೂ ಅಲ್ಲಾಡಲಿಲ್ಲ. ಇವತ್ತು ಇದನ್ನ ಕೊಟ್ಟ ಕೂಡಲೇ ಏನೂ ಇಲ್ಲ! ನೋಡು, ಏನೂ ಇಲ್ಲ!"

ಏನೂ ಇಲ್ಲ... ಎನ್ನುವಾಗ ಅವಳ ಮುಖ ಅರಳಿತಲ್ಲ, ಆ ಮುಖ ನೋಡಿ ನನ್ನ ಕೈಯಲ್ಲಿದ್ದ ಬಜೆ ಜಾರಿ ನೆಲಕ್ಕೆ ಬಿತ್ತು. ಈ ಮಾತನ್ನು, ಹೀಗೇ ಅರಳಿದ ಮುಖದಿಂದ, ನಾನು ಮೊದಲು ಕೇಳಿದ್ದೆ. ಕೈ ತುಂಬಿಸುವುದಲ್ಲ ಅಲ್ಲಿ. ಮೂಗು ತುಂಬಿಸುವುದು.

ಶಿರಾಳಕೊಪ್ಪದಲ್ಲಿ, ಬಸ್ಸು ಇಳಿದು ಸಂತೆಯ ಕಡೆ ತಿರುಗುವ ಬೀದಿಯಲ್ಲಿ ಆ ಮಾತು ಆಡಿದವರದೊಂದು ಗ್ರಂಧಿಗೆ ಅಂಗಡಿ ಇತ್ತು. ಬೇರು, ನಾರು, ತೊಗಟೆ, ಕಾಯಿ, ಬಾಣಂತಿ ಸಾಮಾನು ಮಾರುವ ಅಂಗಡಿ. ಹೊಸ್ತಿಲು ದಾಟುವ ಮೊದಲೇ ಹಿಪ್ಪಲಿ, ಅಳಲೆಕಾಯಿ, ಲೋಬಾನ, ಜ್ಯೇಷ್ಠಮಧು ಎಲ್ಲ ಸೇರಿ ಮುಖಕ್ಕೆ ರಾಚುತ್ತಿದ್ದವು. ನಡುವೆ ಒಂದು ಮರದ ಗಲ್ಲಾಪೆಟ್ಟಿಗೆಯ ಹಿಂದೆ ಅವರು. ತೆಳ್ಳಗಿನ ಮನುಷ್ಯ, ಬಿಳಿ ಪಂಚೆ, ತೋಳಿನ ಬನಿಯನ್ನು. ಮುಖದಲ್ಲಿ ಮೂಗೇ ಮುಂದು. ಅವರನ್ನು ಎಲ್ಲರೂ ಯಜಮಾನ್ರು ಅನ್ನುತ್ತಿದ್ದರು. ಬೆನ್ನ ಹಿಂದೆ ಮೂಗಿನ ಯಜಮಾನ್ರು.

ಕಾಡು ಮೇಡು ತಿರುಗಿ ಬೇರು ಕಿತ್ತು ತರುವ ನಮ್ಮಂಥ ಹೆಂಗಸರಿಂದ ಅವರು ಮಾಲು ಕೊಳ್ಳುತ್ತಿದ್ದರು. ಕೊಳ್ಳುವ ಮೊದಲು ಒಂದು ಪೂಜೆ ನಡೆಯುತ್ತಿತ್ತು. ಅವರ ಬೆನ್ನ ಹಿಂದಿನ ಗೂಡಿನಲ್ಲಿ ಸಾಲಾಗಿ ಪಿಂಗಾಣಿ ಭರಣಿಗಳು. ಒಂದೊಂದರಲ್ಲಿ ಒಂದೊಂದು ಬೇರು. ಆ ಬೇರುಗಳನ್ನು ಅವರು ಯಾರಿಂದಲೂ ಕೊಂಡದ್ದಲ್ಲ. ತಾವೇ ಹೋಗಿ, ತಾವೇ ಅಗೆದು, ತಮ್ಮ ಮನೆಯ ತಾರಸಿಯ ಮೇಲೆ ತಾವೇ ಒಣಗಿಸಿ ಇಟ್ಟದ್ದು. ಮಾರಾಟಕ್ಕೂ ಇಡುತ್ತಿರಲಿಲ್ಲ. "ಇದು ನನ್ನ ಕಣ್ಣೆದುರಿಗೆ ಮಣ್ಣಿಂದ ಎದ್ದಿದ್ದು. ಇದರೊಳಗೆ ಇದು ಬಿಟ್ರೆ ಬ್ಯಾರೆ ಯಾರೂ ಇಲ್ಲ" ಅನ್ನುತ್ತಿದ್ದರು.

ನಾವು ಬಜೆ ಚೀಲ ಇಳಿಸಿದರೆ, ಬಜೆಯ ಭರಣಿ ತೆಗೆದು ಒಂದು ಕೊಂಬು ಮುರಿದು ಮೂಗಿಗೆ ಹಿಡಿದು, ಮೇಲೆ ಒಂದು ಮಡಿ ಬಟ್ಟೆ ಮುಚ್ಚಿಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದರು. ಎಳೆದು ಬಿಟ್ಟು, ಎಳೆದು ಬಿಟ್ಟು... ಬೀದಿಯಲ್ಲಿ ಎರಡು ಬಸ್ಸು ಹೋಗುವಷ್ಟು ಹೊತ್ತು. ನಮಗೆ ನಗು ತಡೆಯಲಾಗುತ್ತಿರಲಿಲ್ಲ.

"ಯಜಮಾನ್ರು ಜಪಕ್ಕೆ ಕೂತ್ರು, ಗಂಟೆ ಹೊಡೀರೇ" ಎಂದು ಯಾರಾದರೂ ಒಬ್ಬಳು ಅನ್ನುವಳು.

"ಪ್ರಸಾದ ಏನು ಕೊಡ್ತಾರೋ ಕೇಳೇ" ಎಂದು ಇನ್ನೊಬ್ಬಳು.

ಅವರು ಸಿಟ್ಟಾಗುತ್ತಿರಲಿಲ್ಲ. ಬಜೆಯ ವಾಸನೆ ತಮಗೆ ತಾಗುವುದೇ ನಿಂತಿತು ಅನ್ನಿಸಿದ ಕೂಡಲೇ ಬಟ್ಟೆ ತೆಗೆದು ನಮ್ಮ ಚೀಲಕ್ಕೆ ಮುಖ ಹಾಕುವರು. ಒಂದು ದಿನ ನಾನೇ ಕೇಳಿದ್ದೆ, ಬಜೆ ಮೂಸಿ ಮೂಸಿ ಮೂಗು ಸತ್ತ ಮೇಲೆ ಬಜೆ ಚೀಲ ಮೂಸಿದರೆ ಏನು ಸಿಕ್ಕೀತು ಎಂದು.

"ಸಿಗಬಾರದು ತಂಗಿ, ಅದಕ್ಕೇ ಮೂಸೋದು. ಮೂಗು ಬಜೆಯಿಂದ ತುಂಬಿದೆ. ಈಗ ಈ ಚೀಲದಾಗೆ ಬರೀ ಬಜೆ ಇದ್ರೆ ನಂಗೇನೂ ಗೊತ್ತಾಗಲ್ಲ. ಏನಾರ ವಾಸನೆ ಬಂತು ಅಂದ್ರೆ ಬಜೆ ಅಲ್ಲದೋರು ಯಾರೋ ಒಳಗೆ ಕೂತಿದಾರೆ."

ಹಾಗೆ ಹೇಳಿ ಚೀಲಕ್ಕೆ ಮುಖ ಹಾಕಿದರು. ಎತ್ತಿದಾಗ ಹಬ್ಬದ ದಿನದ ಮುಖ. "ಏನೂ ಇಲ್ಲ! ಏನೂ ಇಲ್ಲ ತಂಗಿ! ಚಲೋ ಮಾಲು!"

ನಾನು ಅದನ್ನು ಹುಚ್ಚು ಅಂದುಕೊಂಡಿದ್ದೆ. ದೊಡ್ಡ ಅಂಗಡಿಯವರಿಗೆ ಒಂದೊಂದು ಹುಚ್ಚು ಇರುತ್ತದಲ್ಲ, ಹಾಗೆ.

ನಾನು ಮದುವೆಯಾಗಿ ಬಂದದ್ದು ಅಂಬ್ಲಿಗೊಳದ ಕಡೆಯ ಹಳ್ಳಿಗೆ. ಜಲಾಶಯದ ಕೆಳಗೆ, ಕಾಲುವೆಯ ನೀರು ಸೋರಿ ನಿಲ್ಲುವ ಜವುಗಿನಲ್ಲಿ ಬಜೆ ಹುಲುಸಾಗಿ ಬೆಳೆಯುತ್ತಿತ್ತು. ಮೊಣಕಾಲಿನ ತನಕ ಕೆಸರಿನಲ್ಲಿ ನಿಂತು ಕಿತ್ತು, ತೊಳೆದು, ಬೇರಿನ ನಾರು ಸುಟ್ಟು, ಒಣಗಿಸಿ, ಸಂತೆಯ ದಿನ ತಲೆಯ ಮೇಲೆ ಹೊತ್ತು ಬಸ್ಸು ಹತ್ತುತ್ತಿದ್ದೆ. ಮನೆಯಲ್ಲಿ ಗಂಡನ ಬಾಯಿಗೆ ಅಂಜಬೇಕು, ಅತ್ತೆಯ ಬಾಯಿಗೆ ಇನ್ನೂ ಅಂಜಬೇಕು. ಬಜೆಯೊಂದೇ ನನ್ನದು ಅನ್ನುವಂಥ ಕೆಲಸ. ಆ ಅಂಗಡಿಯ ಜಗಲಿಯ ಮೇಲೆ ಕೂತು ಕಾಲು ಚಾಚಿದಾಗ ನಾನು ಯಾರ ಸೊಸೆಯೂ ಅಲ್ಲ. ಮಗಳು ಹುಟ್ಟಿದ ಮೇಲೆ ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಹೋಗುತ್ತಿದ್ದೆ. ಯಜಮಾನರು ಅಂಗಡಿಯ ಒಳಗಡೆ ಒಂದು ಚಾಪೆ ಹಾಸಿಸಿ, "ಕೂಸನ್ನ ಬಿಸಿಲಿಗೆ ಕೂರಿಸ್ಬ್ಯಾಡ, ಒಳಗೆ ಮಲಗ್ಸು" ಅನ್ನುತ್ತಿದ್ದರು. ಇಷ್ಟೇ ಅವರ ಮಾತು. ಹೆಚ್ಚು ಮಾತಿನವರಲ್ಲ.

ಮಗಳಿಗೆ ನಾಲ್ಕು ತಿಂಗಳು ಇರಬೇಕು ಆಗ. ಆ ವಾರ ಅವಳು ಹಾಲು ಬಿಟ್ಟಿದ್ದಳು. ಕತ್ತು ನಿಲ್ಲುತ್ತಿದ್ದ ಕೂಸು ಜೋಲು ಬಿದ್ದಿತ್ತು. ಒಮ್ಮೊಮ್ಮೆ ಕೈಕಾಲು ಸಣ್ಣಗೆ ಅದುರುತ್ತಿದ್ದವು. ದೃಷ್ಟಿಯಾಗಿದೆ ಎಂದರು ಅತ್ತೆ. ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದೆವು. ದಿನಾ ಬೆಳಿಗ್ಗೆ ಬಜೆ ತೇಯ್ದು ನೆಕ್ಕಿಸುತ್ತಿದ್ದವಳು ನಾನು, ಸಂಜೆಯೂ ಒಂದು ಸಲ ಜಾಸ್ತಿ ನೆಕ್ಕಿಸಿದೆ... ಹೌದು, ಜಾಸ್ತಿ ನೆಕ್ಕಿಸಿದೆ. ಅದನ್ನು ಬರೆಯಲು ಕೈ ಬರುವುದಿಲ್ಲ.

ಸಂತೆಯ ದಿನ ಬಂತು. ಕೂಸನ್ನು ಕಟ್ಟಿಕೊಂಡು, ಗಟ್ಟಿಯಾದ ಹೊಸ ಗೋಣಿಚೀಲದ ತುಂಬ ಬಜೆ ಹೊತ್ತು ಹೋದೆ. ಅಷ್ಟು ಒಳ್ಳೆಯ ಮಾಲು ನಾನು ಅದುವರೆಗೆ ತಂದಿರಲಿಲ್ಲ. ಯಜಮಾನರು ಭರಣಿ ತೆಗೆದರು, ಬಟ್ಟೆ ಮುಚ್ಚಿದರು, ಜಪ ಮುಗಿಸಿದರು, ಚೀಲಕ್ಕೆ ಮುಖ ಹಾಕಿದರು. ಎತ್ತಲಿಲ್ಲ. ಬಹಳ ಹೊತ್ತಾಯಿತು. ಎತ್ತಿದಾಗ ಹುಬ್ಬು ಗಂಟು. ಬೀದಿಗೆ ಹೋಗಿ ಗಾಳಿ ಕುಡಿದು ಬಂದು, ಮತ್ತೆ ಭರಣಿ, ಮತ್ತೆ ಬಟ್ಟೆ, ಮತ್ತೆ ಚೀಲ. ಮೂರು ಸಲ ಹಾಗೆ ಮಾಡಿದರು. ಅಷ್ಟು ಹೊತ್ತಿಗೆ ಜಗಲಿಯ ಮೇಲೆ ಏಳೆಂಟು ಹೆಂಗಸರು ಸೇರಿದ್ದರು.

"ಇದರಾಗೆ ಬ್ಯಾರೆ ಯಾರೋ ಕೂತಿದಾರೆ ತಂಗಿ. ತಗೊಳ್ಳೋಕಾಗಲ್ಲ."

"ನಾನೇ ಕಿತ್ತಿದ್ದು, ನಾನೇ ತೊಳೆದಿದ್ದು, ನಾನೇ ಒಣಗಿಸಿದ್ದು. ಇದರೊಳಗೆ ಇನ್ಯಾರು ಬಂದು ಕೂರ್ತಾರ್ರೀ?"

"ಯಾರು ಅಂತ ನಂಗೊತ್ತಿಲ್ಲ. ಬಜೆ ಅಲ್ಲ ಅನ್ನೋದು ಗೊತ್ತು." ಆಮೇಲೆ ಅವರ ಕಣ್ಣು ನನ್ನ ಬೆನ್ನಿನ ಕೂಸಿನ ಮೇಲೆ ಬಿತ್ತು. ಹತ್ತಿರ ಬಂದು ಬಗ್ಗಿ ನೋಡಿದರು. "ಕೂಸಿಗೂ ಇದನ್ನೇ ಕೊಡ್ತಿದೀಯೇನು?"

"ಹೂಂ ಮತ್ತೆ. ನಮ್ಮ ಮನೇಲಿರೋದು ಇದೇ."

ಚೀಲವನ್ನು ತಾವೇ ಎಳೆದುಕೊಂಡು ಹಿತ್ತಲಿಗೆ ಹೋದರು. ಗುದ್ದಲಿ ತೆಗೆದು, ಆ ಬಿಳಿ ಪಂಚೆಯಲ್ಲೇ ಗುಂಡಿ ತೋಡಿ, ನನ್ನ ಅಷ್ಟೂ ಬಜೆಯನ್ನು ಚೀಲದ ಸಮೇತ ಅದರೊಳಗೆ ಹಾಕಿ ಮಣ್ಣು ಮುಚ್ಚಿದರು. ನಾನು ಹೋ ಎಂದು ಕೂಗಿಕೊಂಡು ಹಿಂದೆ ಹೋದರೆ ಗುದ್ದಲಿ ಅಡ್ಡ ಹಿಡಿದರು. ಎರಡು ವಾರ ಕೆಸರಿನಲ್ಲಿ ನಿಂತು ಜಿಗಣೆಗಳಿಗೆ ರಕ್ತ ಕೊಟ್ಟು ಕಿತ್ತ ಬಜೆ! ಹೆಣ ಹೂಳಿದ ಹಾಗೆ ಹೂಳಿದರು.

ಬೆವರು ಒರೆಸಿಕೊಂಡು ಬಂದು, ಭರಣಿಗೆ ಕೈ ಹಾಕಿ, ಯಾರಿಗೂ ಕೊಡದ ಆ ಬಜೆಯಿಂದ ಒಂದು ಕೊಂಬು ತೆಗೆದು ನನ್ನ ಅಂಗೈಯಲ್ಲಿಟ್ಟರು. "ಕೂಸಿಗೆ ಕೊಡೋದಾದ್ರೆ ಇದನ್ನ ಕೊಡು. ಅದನ್ನ ಮುಟ್ಟಬ್ಯಾಡ. ಬ್ಯಾರೆ ಚೀಲದಾಗೆ ಬ್ಯಾರೆ ಬಜೆ ತಗೊಂಡು ಬಾ, ತಗೋತೀನಿ."

ನಾನು ಆಗ ಏನು ಮಾಡಿದೆ ಎಂದು ಬರೆಯಲೇಬೇಕು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಯ ನಡುವೆ ನಿಂತೆ. "ನಶ್ಯ ಏರಿಸಿ ಏರಿಸಿ ಮೂಗು ಕೆಟ್ಟೋಗಿದೆ ಈ ಮನುಷ್ಯಂಗೆ! ಬಡವರ ಮಾಲು ಮಣ್ಣುಪಾಲು ಮಾಡ್ತಾನೆ! ಇವತ್ತು ನಂದು, ನಾಳೆ ನಿಮ್ದು! ಯಾರೂ ಇವನ ಅಂಗಡಿ ಮೆಟ್ಟಲು ಹತ್ತಬ್ಯಾಡ್ರೇ!" ಎಂದು ಸಂತೆಗೆ ಸಂತೆಯೇ ಕೇಳುವಂತೆ ಕೂಗಿದೆ. ಅವರು ನಶ್ಯ ಮುಟ್ಟುತ್ತಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಯಜಮಾನರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಪಂಚೆಯ ಅಂಚಿನಲ್ಲಿ ಕೆಂಪು ಮಣ್ಣು.

ಅವರು ಕೊಟ್ಟ ಕೊಂಬನ್ನು ಅವರ ಮುಖದ ಮೇಲೆ ಎಸೆಯಬೇಕು ಅಂದುಕೊಂಡವಳು ಯಾಕೋ ಎಸೆಯಲಿಲ್ಲ. ಮನೆಯಲ್ಲಿ ಬೇರೆ ಬಜೆಯ ಚೂರೂ ಉಳಿದಿರಲಿಲ್ಲ, ಎಲ್ಲ ಆ ಗುಂಡಿಯಲ್ಲಿತ್ತು. ಹಾಗಾಗಿ ಕೂಸಿಗೆ ಅದನ್ನೇ ತೇಯ್ದು ನೆಕ್ಕಿಸಿದೆ. ಮೂರ್ನಾಲ್ಕು ದಿನಕ್ಕೆ ಮಗಳು ಹಾಲಿಗೆ ಬಾಯಿ ಹಾಕಿದಳು. ಹತ್ತನೇ ದಿನಕ್ಕೆ ನಕ್ಕಳು. ದೃಷ್ಟಿ ಬಿಟ್ಟಿತು ಎಂದರು ಅತ್ತೆ. ಹೌದು ಎಂದೆ ನಾನು.

ನನ್ನ ಬಾಯಿಯ ಕೆಲಸ ಚೆನ್ನಾಗಿಯೇ ನಡೆಯಿತು. ನಮ್ಮ ಊರಿನ ಹೆಂಗಸರು ಬಿಟ್ಟರು, ಪಕ್ಕದ ಊರಿನವರು ಬಿಟ್ಟರು. ಸಂತೆಯ ಬೀದಿಯಲ್ಲಿ ಮೂಗಿಲ್ಲದ ಮೂಗಿನ ಯಜಮಾನ್ರು ಎಂದು ಹೊಸ ಹೆಸರು ಬಿತ್ತು. ಅದಾದ ಮೇಲೆ ಎರಡು ಸಲ ಅವರು ನನ್ನನ್ನು ಬೀದಿಯಲ್ಲಿ ಕಂಡು ಅಂಗಡಿಯಿಂದ ಇಳಿದು ಬಂದಿದ್ದರು. "ತಂಗೀ, ಕೂಸು ಹೆಂಗಿದೆ?" ಅಷ್ಟೇ ಕೇಳಿದ್ದು. ಎರಡೂ ಸಲ ನಾನು ಮುಖ ತಿರುಗಿಸಿಕೊಂಡು ಮುಂದೆ ಹೋದೆ. ಎರಡನೇ ಸಲ ಥೂ ಎಂದು ಉಗಿದಿದ್ದೆ ಕೂಡ. ಅವರ ಮೇಲಲ್ಲ, ನೆಲಕ್ಕೆ... ಆದರೂ ಅವರು ನೋಡಿದರು.

ಇಷ್ಟನ್ನೂ ಮೊಮ್ಮಗಳಿಗೆ ಒಂದೇ ಉಸಿರಿಗೆ ಹೇಳಿದೆ. ಹೇಳುವಾಗ ನನಗೆ ಬರೀ ಸಂತೋಷ, ಬರೀ ಬೆರಗು. ಕೋಟು ಹಾಕಿಕೊಂಡು, ಕೈಗೆ ಗವಸು ತೊಟ್ಟು, ಕಣ್ಣಿಗೆ ಕಾಣದ್ದನ್ನು ಹಿಡಿಯುವ ನನ್ನ ಮೊಮ್ಮಗಳು ಮಾಡುವುದನ್ನೇ ಆ ಪಂಚೆಯ ಮನುಷ್ಯ ಬರೀ ಮೂಗಿನಲ್ಲಿ ಮಾಡುತ್ತಿದ್ದರಲ್ಲ! ಅಪ್ಪಟದ್ದನ್ನು ತಾನೇ ಮಾಡಿ ಇಟ್ಟುಕೊಳ್ಳುವುದು, ಮೊದಲು ಅದರಿಂದಲೇ ತುಂಬಿಸಿಬಿಡುವುದು, ಆಮೇಲೂ ಏನಾದರೂ ಉಳಿದರೆ ಅದು ಬೇರೆ! ಮೊಮ್ಮಗಳು ಕಣ್ಣರಳಿಸಿ, "ಅಜ್ಜಿ, ನಮ್ಮ ಮೇಡಂಗೆ ಹೇಳ್ತೀನಿ ಇದನ್ನ! ಅವರು ನಿಜವಾಗ್ಲೂ ಕಂಟ್ರೋಲ್ ಇಟ್ಕೊಂಡಿದ್ರು!" ಎಂದು ಚಪ್ಪಾಳೆ ತಟ್ಟಿದಳು. ಪರೀಕ್ಷೆ ಸುಳ್ಳು ಹೇಳದಂತೆ ಕಾವಲಿಡುವುದಕ್ಕೆ ಅವರಲ್ಲಿ ಕಂಟ್ರೋಲ್ ಅನ್ನುತ್ತಾರಂತೆ. ಆಮೇಲೆ ಚಪ್ಪಾಳೆ ನಿಂತಿತು.

"ಅಜ್ಜಿ, ಹಂಗಾದ್ರೆ ಅವರ ಪರೀಕ್ಷೆ ಸರಿಯಾಗೇ ಇತ್ತಲ್ಲ."

"ಹೂಂ ಅನ್ನಿಸುತ್ತೆ."

"ಸರಿಯಾಗಿತ್ತು ಅಂದ್ರೆ ನಿನ್ನ ಬಜೆಯಲ್ಲಿ ಏನೋ ಇತ್ತು." ಅವಳು ನನ್ನನ್ನೇ ನೋಡುತ್ತಿದ್ದಳು. "ಆ ಹೊಸ ಚೀಲ ಎಲ್ಲಿಂದ ತಂದಿದ್ದೆ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ನೆನಪು ಮಾಡಿಕೊಂಡು ಹೇಳುತ್ತಾ ಹೋದೆ.

ನನ್ನ ಹಳೆಯ ಚೀಲ ಹರಿದಿತ್ತು. ನಾನು ಕಳೆ ಕೀಳಲು ಹೋಗುತ್ತಿದ್ದ ದೊಡ್ಡ ಮನೆಯವರನ್ನು ಕೇಳಿದಾಗ, ಅಟ್ಟದ ಮೇಲಿದೆ, ಹತ್ತಿ ಒಂದು ತಗೋ ಎಂದಿದ್ದರು. ಹತ್ತಿದೆ. ಇದ್ದದ್ದರಲ್ಲಿ ಗಟ್ಟಿಯಾದದ್ದನ್ನು ಎಳೆದೆ. ಕೊಡವಿದಾಗ ಬಿಳಿ ಹುಡಿ ಎದ್ದು ಸೀನು ಬಂತು. ಹಿಟ್ಟಿನ ಚೀಲ ಅಂದುಕೊಂಡು ಇನ್ನೆರಡು ಸಲ ಕೊಡವಿದೆ. ಅದೇ ಅಟ್ಟದ ಮೇಲೆ... ಅದೇ ಅಟ್ಟದ ಮೇಲೆ ಅವರು ಭತ್ತದ ಹುಳಕ್ಕೆ ಎರಚುವ ವಿಷದ ಪೌಡರು ಇಡುತ್ತಿದ್ದರು. ಮುಂದಿನ ಬೆಳೆಗೆ ಆಳುಗಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ಅದನ್ನು ಇಳಿಸುವಾಗ ಏಣಿ ಹಿಡಿದುಕೊಂಡವಳು ನಾನೇ! ಆಗಲೂ ಹೊಳೆಯಲಿಲ್ಲ. ಬಜೆಯನ್ನು ಆ ಚೀಲದಲ್ಲಿ ಎಂಟು ದಿನ ಮೂಲೆಯಲ್ಲಿಟ್ಟಿದ್ದೆ. ದಿನಾ ಬೆಳಿಗ್ಗೆ ಅದೇ ಚೀಲಕ್ಕೆ ಕೈ ಹಾಕಿ ಕೂಸಿಗೆ ಒಂದು ಕೊಂಬು...

ಅಡುಗೆಮನೆಯ ಗೋಡೆ ಹಿಡಿದುಕೊಂಡೆ. ಮೊಮ್ಮಗಳು ಓಡಿ ಬಂದು ಹಿಡಿದಳು.

"ನಾನೇ ಕಣೇ... ನಿಮ್ಮಮ್ಮನಿಗೆ ನನ್ನ ಕೈಯಾರೆ ನಾನೇ..."

"ಅಜ್ಜಿ, ಇಲ್ಲಿ ಕೇಳು. ಖಚಿತವಾಗಿ ಹಂಗೆ ಹೇಳೋಕಾಗಲ್ಲ. ಆ ಬಜೆ ಈಗ ಇಲ್ಲ, ಪರೀಕ್ಷೆ ಮಾಡೋಕಾಗಲ್ಲ. ಅಮ್ಮಂಗೆ ಬೇರೆ ಏನಾದ್ರೂ ಆಗಿರಬಹುದು." ಅವಳು ಸುಳ್ಳು ಹೇಳುವುದಿಲ್ಲ, ಅವಳ ಕೆಲಸವೇ ಅದು. ನೆಲಕ್ಕೆ ಬಿದ್ದಿದ್ದ ಬಜೆಯನ್ನು ಎತ್ತಿ ನನ್ನ ಕೈಗಿಟ್ಟು, "ಆದ್ರೆ ಅವರು ಹೂತಿದ್ದು ಒಳ್ಳೇದಾಯ್ತು" ಎಂದಳು.

ಮಗಳು ಹೊಲಿಗೆ ಕ್ಲಾಸು ಮುಗಿಸಿ ಬಂದಳು. ಅವಳಿಗೂ ಹೇಳಿದೆವು. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಚಪ್ಪಲಿ ಕಳಚಿದವಳು ಮತ್ತೆ ಮೆಟ್ಟಿಕೊಂಡು, "ನಡೀಯವ್ವ, ಶಿರಾಳಕೊಪ್ಪಕ್ಕೆ ಹೋಗಿ ಬರಾಣ. ಇದ್ರೆ ಕಾಲಿಗೆ ಬಿದ್ದು ಬರಾಣ" ಎಂದಳು.

ಮೂವರೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಲೆಕ್ಕ ಹಾಕುತ್ತಿದ್ದದ್ದು ಅವರ ವಯಸ್ಸನ್ನು. ಎಷ್ಟೇ ಕಡಿಮೆ ಹಿಡಿದರೂ ನೂರರ ಹತ್ತಿರ ಬರುತ್ತಿತ್ತು. ಆದರೂ ಬದುಕಿರುವವರು ಬದುಕಿರುತ್ತಾರಲ್ಲ.

ಆ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಗಾಜಿನ ಬಾಗಿಲು, ಒಳಗೆ ತಂಪು ಗಾಳಿ, ಬಣ್ಣ ಬಣ್ಣದ ಕವರುಗಳು. ಹೊಸ್ತಿಲಲ್ಲಿ ನಿಂತು ಉಸಿರೆಳೆದೆ. ಹಿಪ್ಪಲಿ ಇಲ್ಲ, ಲೋಬಾನ ಇಲ್ಲ. ಅಲ್ಲಿದ್ದ ಹುಡುಗಿಗೆ ಏನೂ ಗೊತ್ತಿರಲಿಲ್ಲ. ಪಕ್ಕದಲ್ಲಿ ಒಬ್ಬ ಮುದಿ ದರ್ಜಿ ಮಾತ್ರ ಇನ್ನೂ ಹಳೆಯ ಹೊಲಿಗೆ ಯಂತ್ರ ಇಟ್ಟುಕೊಂಡು ಕೂತಿದ್ದರು. ದಾರ ಪೋಣಿಸುವುದು ನಿಲ್ಲಿಸಿ ಕೂರಲು ಸ್ಟೂಲು ಕೊಟ್ಟರು.

"ಮೂಗಿನ ಯಜಮಾನ್ರಾ? ಅಯ್ಯೋ, ಅವರು ಹೋಗಿ ಭಾಳ ವರ್ಷ ಆಯ್ತಲ್ಲಮ್ಮ. ಮಕ್ಕಳು ಅಂಗಡಿ ಮಾರಿ ಹೋದ್ರು. ಕಡೇ ಕಡೇಗೆ ಯಾಪಾರ ಏನೂ ಇರಲಿಲ್ಲ ಬಿಡ್ರಿ. ಹಳ್ಳಿಯೋರು ಮಾಲು ತರೋದೇ ಬಿಟ್ಟಿದ್ರು. ಯಾವಳೋ ಒಬ್ಳು ಬಾಯಿಬಡುಕಿ ಗುಲ್ಲೆಬ್ಬಿಸಿದ್ಲಂತೆ."

ನಾನು ತಲೆ ತಗ್ಗಿಸಿದೆ. ಮೊಮ್ಮಗಳು ನನ್ನ ಕೈ ಹಿಡಿದುಕೊಂಡಳು.

"ಒಳ್ಳೇ ಮನುಷ್ಯ. ಒಂದೇ ಒಂದು ಹುಚ್ಚು ಅವರಿಗೆ. ಅಂಬ್ಲಿಗೊಳದ ಕಡೆಯೋರು ಯಾರೇ ಬರ್ಲಿ, ನನ್ನ ಹತ್ರ ಬಟ್ಟೆ ಹೊಲಿಸೋಕೆ ಬಂದೋರನ್ನೂ ಬಿಡ್ತಿರಲಿಲ್ಲ, ಒಂದು ಕೂಸಿನ ಸುದ್ದಿ ಕೇಳೋರು. ಬಜೆ ತರ್ತಿದ್ದ ಹೆಣ್ಣುಮಗಳ ಕೂಸು ಹೆಂಗಿದೆ, ಉಳೀತಾ, ಅಂತ. ಯಾರ ಕೂಸೋ ಏನೋ. ಯಾರಿಗೂ ಗೊತ್ತಿರಲಿಲ್ಲ. ಸಾಯೋ ತನಕ ಕೇಳಿದ್ರು."

ನನ್ನ ಮಗಳು ಅದುವರೆಗೆ ಕಂಬಕ್ಕೆ ಒರಗಿ ನಿಂತಿದ್ದಳು. ತಲೆಯಲ್ಲಿ ಅರ್ಧ ಬೆಳ್ಳಿ ಕೂದಲು ಬಂದಿರುವ ನನ್ನ ಮಗಳು. ಒಂದು ಹೆಜ್ಜೆ ಮುಂದೆ ಬಂದು, "ನಾನೇ ರೀ ಆ ಕೂಸು" ಎಂದಳು.

ದರ್ಜಿ ಕನ್ನಡಕ ಮೇಲೆ ಸರಿಸಿ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಅವಳ ಪಕ್ಕದಲ್ಲಿದ್ದ ಮೊಮ್ಮಗಳನ್ನು ನೋಡಿದರು. ನನ್ನನ್ನು ನೋಡಿದರು. ಅವರಿಗೆ ಎಲ್ಲ ತಿಳಿಯಿತು ಅಂದುಕೊಂಡೆ. ಪಕ್ಕದ ಗಾಜಿನ ಬಾಗಿಲ ಕಡೆ ತಿರುಗಿ, ಅಲ್ಲಿ ಯಾರೋ ಕೂತಿದ್ದಾರೆ ಎನ್ನುವ ಹಾಗೆ, "ಚಲೋ ಇದೆಯಂತ್ರೀ" ಎಂದರು.

ಬರುವಾಗ ಸಂತೆಯ ಬೀದಿಯ ಇನ್ನೊಂದು ಅಂಗಡಿಯಲ್ಲಿ ಹೊಸ ಬಜೆಯ ಒಂದು ಕೊಂಬು ಕೊಂಡೆ.

ಮನೆಗೆ ಬಂದು ಕೈಕಾಲು ತೊಳೆದು ಸಾಣೆಕಲ್ಲಿನ ಮುಂದೆ ಕೂತೆ. ಹೊಸ ಬಜೆಯನ್ನು ಮುರಿದು ಮೂಗಿಗೆ ಹಿಡಿದು, ಮೇಲೆ ಮಡಿ ಬಟ್ಟೆ ಮುಚ್ಚಿಕೊಂಡು ಕಣ್ಣು ಮುಚ್ಚಿದೆ. ಎಳೆದು ಬಿಟ್ಟು, ಎಳೆದು ಬಿಟ್ಟು... ಮೊದಲು ಜೋರಾಗಿ ಬಂತು ವಾಸನೆ, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಮೆಲ್ಲಗಾಯಿತು. ಆಮೇಲೆ ನಿಂತೇ ಹೋಯಿತು. ಮೂಗು ತುಂಬುವುದು ಅಂದರೆ ಏನೆಂದು ಈ ವಯಸ್ಸಿನಲ್ಲಿ ತಿಳಿಯಿತು. ಬಟ್ಟೆ ತೆಗೆದೆ. ಅವರು ಕೊಟ್ಟ ಕೊಂಬಿನ ಉಳಿದ ಚೂರನ್ನು, ನನ್ನ ಮಗಳನ್ನೂ ಅವಳ ಮಗಳನ್ನೂ ಸಾಕಿದ ಆ ಹುಣಸೆ ಬೀಜದಷ್ಟು ಚೂರನ್ನು, ಕಲ್ಲಿಗೆ ಎರಡು ಸುತ್ತು ತೇಯ್ದು ಮೂಗಿನ ಹತ್ತಿರ ತಂದೆ.

"ಏನು ಬಂತಜ್ಜಿ?" ಮೊಮ್ಮಗಳು ಬಾಗಿಲಲ್ಲಿ ನಿಂತು ಕೇಳಿದಳು.

"ಏನೂ ಇಲ್ಲ" ಎಂದೆ.

ಚಲೋ ಮಾಲು ಯಜಮಾನ್ರೇ... ಏನೂ ಇಲ್ಲ. ಇದನ್ನು ಕೇಳಿ ಅರಳಬೇಕಿದ್ದ ಮುಖವೊಂದೇ ಇಲ್ಲ.